ಬೆಂದ ಟರ್ಕಿ ಕೋಳಿಯ ಮಾಂಸ: ಬಡಿಸುವ, ಇಡುವ ಮತ್ತು ಮರಳಿ ಕಾಯಿಸುವ ವಿಚಾರ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ನಾಟಿಕೋಳಿಯೊಡನೆ ಟರ್ಕಿ ಕೋಳಿಯನ್ನೂ ಸಾಕುವ ರೈತರು ಅಲ್ಲಲ್ಲಿ ಕಾಣಬರುತ್ತಾರೆ. ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕುಕ್ಕುಟಾಭಿವೃದ್ಧಿ ಸಂಸ್ಥೆಯು ಸಮೀಪದಲ್ಲಿಯೇ ಇರುವುದರಿಂದ ಕೋಳಿ ಸಾಕಣೆಯ ವಿಷಯದಲ್ಲಿ ತಿಳಿವಳಿಕೆಯನ್ನು ಪಡೆಯುವುದು ಈ ಸೀಮೆಯವರಿಗೆ ಕಷ್ಟವಾದುದಲ್ಲ. ಮರಿಗಳಿಗೆ ಏನನ್ನು ಹಾಕಬೇಕು, ಗೂಡು ಹೇಗಿರಬೇಕು, ನಾಟಿಕೋಳಿಯೊಡನೆ ಒಂದೇ ಅಂಗಳದಲ್ಲಿ ಬಿಟ್ಟರೆ ತಗಲುವ ಕರಿತಲೆ ರೋಗವನ್ನು ಹೇಗೆ ತಡೆಯಬೇಕು ಎಂಬುದನ್ನು ಕೇಳುವವರೂ ಇದ್ದಾರೆ, ಹೇಳುವವರೂ ಇದ್ದಾರೆ. ಆದರೆ ಹಕ್ಕಿಯು ಬೆಂದು ಒಲೆಯಿಂದ ಇಳಿದ ಮೇಲೆ ನಡೆಯತಕ್ಕ ಸಂಗತಿಗಳ ಕಡೆಗೆ ಅಷ್ಟಾಗಿ ಯಾರ ಗಮನವೂ ಹರಿದಂತೆ ಕಾಣುವುದಿಲ್ಲ. ಔತಣವಾದ ಮಾರನೆಯ ದಿನ ಹತ್ತಾರು ಮನೆಗಳಲ್ಲಿ ಏಕಕಾಲಕ್ಕೆ ಹೊಟ್ಟೆನೋವೂ ಭೇದಿಯೂ ಕಾಣಿಸಿಕೊಂಡಾಗ ಜನರು ನೀರನ್ನು ದೂರುತ್ತಾರೆ, ಎಣ್ಣೆಯನ್ನು ದೂರುತ್ತಾರೆ, ಕೆಲವರು ದೃಷ್ಟಿಯಾಯಿತೆಂದೂ ಹೇಳುತ್ತಾರೆ. ರಾತ್ರಿಯೆಲ್ಲ ಮುಚ್ಚಿಟ್ಟಿದ್ದ ಕೊಪ್ಪರಿಗೆಯನ್ನು ದೂರುವವರು ಮಾತ್ರ ವಿರಳ.

ಊರ ಯಜಮಾನರನ್ನೂ ಜಮೀನ್ದಾರರನ್ನೂ ಉದ್ದೇಶಿಸಿ ಈ ವಿಷಯವನ್ನು ಬರೆಯುವುದಕ್ಕೆ ಕಾರಣವುಂಟು. ಬೀಗರ ಊಟವಾಗಲಿ, ಯುಗಾದಿಯ ಮಾರನೆಯ ದಿನದ ಹೊಸತೊಡಕಾಗಲಿ, ಊರಹಬ್ಬವಾಗಲಿ, ಪಾತ್ರೆಗಳನ್ನು ತರಿಸುವವರು ತಾವು. ಅಡಿಗೆಯವರನ್ನು ಗೊತ್ತುಮಾಡುವವರು ತಾವು. ಉಳಿದುದನ್ನು ಯಾರಿಗೆ ಕೊಡಬೇಕು, ಯಾರ ಮನೆಗೆ ಕಳುಹಿಸಬೇಕು ಎಂದು ಅಪ್ಪಣೆ ಕೊಡುವವರೂ ತಾವೇ. ಮನೆಯ ಹೆಂಗಸರು ತಮ್ಮ ಒಲೆಯ ಮುಂದೆ ಎಷ್ಟೇ ಎಚ್ಚರದಿಂದಿದ್ದರೂ ಚಪ್ಪರದ ಹಿಂದೆ ನಡೆಯುವ ದೊಡ್ಡ ಅಡಿಗೆಯು ಅವರ ಕೈಯಲ್ಲಿರುವುದಿಲ್ಲ. ಆದಕಾರಣ ಅಲ್ಲಿ ಆಗತಕ್ಕ ಏರ್ಪಾಡು ತಮ್ಮಿಂದಲೇ ಆಗಬೇಕು.

ಟರ್ಕಿ ಕೋಳಿಯು ನಮ್ಮ ದೇಶದ ಹಕ್ಕಿಯಲ್ಲ. ಅದರ ತೌರು ಮೆಕ್ಸಿಕೋ ಸೀಮೆ. ಪೋರ್ಚುಗೀಸರ ಮೂಲಕ ಗೋವೆಗೆ ಬಂದ ಇಂತಹ ಒಂದು ಹಕ್ಕಿಯನ್ನು ಜಹಾಂಗೀರ್ ಬಾದಷಹನ ಆಸ್ಥಾನಕ್ಕೆ ಒಯ್ದಾಗ, 1612ರ ಸುಮಾರಿನಲ್ಲಿ, ಅದನ್ನು ಕಂಡು ಬೆರಗಾದ ಬಾದಷಹನು ಉಸ್ತಾದ್ ಮನ್ಸೂರನೆಂಬ ಚಿತ್ರಕಾರನಿಂದ ಅದರ ಚಿತ್ರವನ್ನು ಬರೆಯಿಸಿದನು. ಇದನ್ನು ಇಲ್ಲಿ ಹೇಳಿದುದು ಕೇವಲ ವಿನೋದಕ್ಕಲ್ಲ. ನಮ್ಮ ಅಡಿಗೆಯ ವಾಡಿಕೆಗಳೆಲ್ಲವೂ ಒಂದೂವರೆ ಎರಡು ಕಿಲೋಗ್ರಾಮ್ ತೂಗುವ ನಾಟಿಕೋಳಿಯನ್ನು ಅನುಸರಿಸಿ ಬೆಳೆದುಬಂದವು. ಟರ್ಕಿಯ ಬಲಿತ ಗಂಡು ಏಳೆಂಟು ಕಿಲೋಗ್ರಾಮ್ ತೂಗುವುದು ಸಾಮಾನ್ಯ. ಅದರ ಎದೆಯ ಮಾಂಸವೂ ತೊಡೆಯ ಮಾಂಸವೂ ಬಹಳ ದಪ್ಪ. ದಪ್ಪನಾದ ವಸ್ತುವು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ಆರುತ್ತದೆ. ಒಂದು ಹೊತ್ತಿಗೆ ಸಂಸಾರವು ತಿಂದು ಮುಗಿಸುವ ಹಕ್ಕಿಯೂ ಇದಲ್ಲ, ಉಳಿದೇ ಉಳಿಯುತ್ತದೆ. ಮಾಂಸವು ಚೆನ್ನಾಗಿ ಬೆಂದಿತೇ ಎಂಬುದನ್ನು ತಿಳಿಯಲು ತೊಡೆಯ ಅತಿ ದಪ್ಪನಾದ ಭಾಗದಲ್ಲಿ, ಎಲುಬಿಗೆ ತಾಗದಂತೆ, ಉಷ್ಣಮಾಪಕವನ್ನು ಚುಚ್ಚಿ ನೋಡಬೇಕು. 74 ಡಿಗ್ರಿ ಸೆಂಟಿಗ್ರೇಡ್ ತೋರಿದರೆ ಬೆಂದಿದೆಯೆಂದು ತಿಳಿಯತಕ್ಕದ್ದು. ಕತ್ತರಿಸಿ ಸಾರಿಗೆ ಹಾಕುವವರಿಗೆ ಈ ತೊಂದರೆ ಕಡಿಮೆ. ಇಡಿಯ ಹಕ್ಕಿಯನ್ನು ಸುಡುವವರು ಇದನ್ನು ಬಿಡಕೂಡದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಬೆಂದ ಮಾಂಸದಲ್ಲಿ ಕ್ರಿಮಿಯೇ ಇರುವುದಿಲ್ಲವೆಂದು ನಮ್ಮ ಜನರ ನಂಬಿಕೆ. ಇದು ಅರ್ಧ ಮಾತ್ರ ನಿಜ. ಕಣ್ಣಿಗೆ ಕಾಣದ ಕೆಲವು ಸೂಕ್ಷ್ಮಜೀವಿಗಳು ಬೇಯುವ ಶಾಖಕ್ಕೆ ಸತ್ತುಹೋಗುತ್ತವೆ. ಬೇರೆ ಕೆಲವು, ರಾಗಿಯ ಕಾಳು ಬೇಸಗೆಯಲ್ಲಿ ಮಣ್ಣಿನೊಳಗೆ ಸುಮ್ಮನೆ ಬಿದ್ದಿರುವಂತೆ, ಗಟ್ಟಿಯಾದ ಬೀಜಾಣುವಿನ ರೂಪದಲ್ಲಿ ಕುದಿಯನ್ನೂ ತಾಳಿಕೊಂಡು ಉಳಿಯುತ್ತವೆ. ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬುದು ಅಂತಹುದು. ಮಣ್ಣಿನಲ್ಲಿಯೂ ಪ್ರಾಣಿಗಳ ಕರುಳಿನಲ್ಲಿಯೂ ಇದು ಸರ್ವೇಸಾಮಾನ್ಯ. ದೊಡ್ಡ ಪಾತ್ರೆಗಳಲ್ಲಿ ಬೇಯಿಸಿ ನಿಧಾನವಾಗಿ ಆರಲು ಬಿಟ್ಟ ಮಾಂಸದಿಂದ ಹೊಟ್ಟೆಯ ಬೇನೆಯು ಹೇಗೆ ಹುಟ್ಟುತ್ತದೆಂಬುದನ್ನು ಇಂಗ್ಲೆಂಡಿನ ಬೆಟ್ಟಿ ಹಾಬ್ಸ್ ಎಂಬ ವಿದುಷಿಯೂ ಆಕೆಯ ಸಂಗಡಿಗರೂ 1953ರಲ್ಲಿ ವಿಶದಪಡಿಸಿದರು.

ಈ ಜೀವಿಗೆ ಬೇಕಾದುದು ಮಾಂಸ, ಗಾಳಿಯಾಡದ ಸ್ಥಳ, ಮತ್ತು ಹಿತವಾದ ಬಿಸಿ. ಸಾರು ಕುದಿಯುವಾಗ ಅದರಲ್ಲಿನ ಗಾಳಿಯೆಲ್ಲ ಹೊರಟುಹೋಗುತ್ತದೆ. ಮೇಲೆ ಕೊಬ್ಬು ಕಟ್ಟಿ ಮುಚ್ಚಳದಂತಾಗುತ್ತದೆ. ನಡುವಿನ ಸಾರು ಗಂಟೆಗಟ್ಟಲೆ ಬೆಚ್ಚಗೆ ಉಳಿಯುತ್ತದೆ. ಕುದಿಗೆ ಎಚ್ಚತ್ತ ಬೀಜಾಣುವು ಸುಮಾರು 43ರಿಂದ 45 ಡಿಗ್ರಿಯಲ್ಲಿ ಅತಿವೇಗವಾಗಿ ಬೆಳೆಯುತ್ತದೆ. ಎಲ್ಲವೂ ಅನುಕೂಲವಾಗಿದ್ದರೆ ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಶಾನುಭೋಗರ ಲೆಕ್ಕದಂತೆ ಕೂಡಿ ನೋಡಿದರೆ ಒಂದು ಜೀವಿಯು ಒಂದು ಗಂಟೆಗೆ 64 ಆಗುತ್ತದೆ, ಮೂರು ಗಂಟೆಗೆ 2,62,144 ಆಗುತ್ತದೆ. ಸಾಯಂಕಾಲ ಆರಕ್ಕೆ ಮುಚ್ಚಿದ ಕೊಪ್ಪರಿಗೆಯ ಹೊಟ್ಟೆಯನ್ನು ಬೆಳಗಿನ ಜಾವದಲ್ಲಿ ಮುಟ್ಟಿ ನೋಡಿದವರೆಲ್ಲರಿಗೂ ಅದು ಇನ್ನೂ ಬೆಚ್ಚಗಿರುತ್ತದೆಂದು ಗೊತ್ತು. “ಇನ್ನೂ ಬೆಚ್ಚಗಿದೆ, ಕೆಟ್ಟಿಲ್ಲ” ಎಂದು ಸಂತೋಷಪಡುವವರುಂಟು. ಕೆಡುವುದಕ್ಕೆ ಕಾರಣವೇ ಆ ಬೆಚ್ಚಗೆ. ಇದರಿಂದ ವಾಸನೆಯಾಗಲಿ ರುಚಿಯಾಗಲಿ ಬದಲಾಗಬೇಕೆಂಬ ನಿಯಮವಿಲ್ಲ. ಮೂಸಿ ನೋಡಿ ತೀರ್ಪು ಹೇಳುವ ಅಜ್ಜಿಯರ ಮೂಗಿಗೂ ಇದು ಸಿಕ್ಕುವುದಿಲ್ಲ.

ಎರಡನೆಯ ಶತ್ರುವು ಮನುಷ್ಯನ ಕೈಯಿಂದ ಬರುತ್ತದೆ. ಸ್ಟಾಫಿಲೋಕಾಕಸ್ ಎಂಬ ಜೀವಿಯು ನಮ್ಮ ಮೂಗಿನಲ್ಲಿ, ಚರ್ಮದಲ್ಲಿ, ವಿಶೇಷವಾಗಿ ಕೀವು ಕಟ್ಟಿದ ಗಾಯಗಳಲ್ಲಿ ಇರುತ್ತದೆ. ಟರ್ಕಿಯ ಮಾಂಸವನ್ನು ಬೆಂದ ಮೇಲೆ ಎಲುಬಿನಿಂದ ಬಿಡಿಸಿ, ಬೆರಳುಗಳಿಂದ ಎಳೆಎಳೆಯಾಗಿ ಹರಿದು ಇಡುವ ಪದ್ಧತಿಯುಂಟಷ್ಟೆ. ಆಗ ಇದು ಮಾಂಸಕ್ಕೆ ಅಂಟಿ, ಬೆಚ್ಚಗಿನ ಸ್ಥಳದಲ್ಲಿ ಬೆಳೆದು, ಮಾಂಸದಲ್ಲಿಯೇ ವಿಷವನ್ನು ಉಂಟುಮಾಡುತ್ತದೆ. ಗಮನಿಸತಕ್ಕ ಸಂಗತಿಯೇನೆಂದರೆ, ಆಮೇಲೆ ಕುದಿಸಿದರೆ ಜೀವಿಯು ಸಾಯುತ್ತದೆಯೇ ಹೊರತು ವಿಷವು ಹೋಗುವುದಿಲ್ಲ. ಅನ್ನದಲ್ಲಿ ಬೆಳೆಯುವ ಬೆಸಿಲಸ್ ಸೀರಿಯಸ್ ಎಂಬುದರ ವಾಂತಿಕಾರಕ ವಿಷವೂ ಹೀಗೆಯೇ ಕುದಿಗೆ ಜಗ್ಗದು. “ಬೆಳಿಗ್ಗೆ ಒಂದು ಕುದಿ ಬರಿಸಿದರೆ ಎಲ್ಲ ಸರಿಹೋಗುತ್ತದೆ” ಎಂಬ ಮಾತು ಯಾವ ಕಾರಣದಿಂದ ಅಪಾಯಕರವೆಂಬುದು ಇದರಿಂದ ತಿಳಿಯಬಹುದು. ಮರಳಿ ಕುದಿಸುವುದು ಅವಶ್ಯಕ. ಆದರೆ ರಾತ್ರಿ ಮಾಡಿದ ತಪ್ಪನ್ನು ಬೆಳಗಿನ ಬೆಂಕಿಯು ತಿದ್ದಲಾರದು.

ವಿಶ್ವ ಆರೋಗ್ಯ ಸಂಸ್ಥೆಯವರು ಸರ್ವ ದೇಶಗಳಿಗೂ ಹೇಳಿರುವ ಸೂತ್ರವು ಸುಲಭವಾಗಿದೆ: ಬೆಂದ ಆಹಾರವು 60 ಡಿಗ್ರಿಗಿಂತ ಮೇಲಾದರೂ ಇರಬೇಕು, 5 ಡಿಗ್ರಿಗಿಂತ ಕೆಳಗಾದರೂ ಇರಬೇಕು, ನಡುವೆ ಎರಡು ಗಂಟೆಗಿಂತ ಹೆಚ್ಚು ಕಾಲ ಇರಕೂಡದು. ಇದನ್ನು ನಮ್ಮ ಚಪ್ಪರದ ಊಟಕ್ಕೆ ಅನ್ವಯಿಸಿ ನೋಡೋಣ.

ಬೀಗರ ಊಟದಲ್ಲಿ ಅಡಿಗೆಯು ರಾತ್ರಿಯೇ ಆರಂಭವಾಗುವುದುಂಟು. ಮೊದಲ ಪಂಕ್ತಿಯು ಮಧ್ಯಾಹ್ನ ಹನ್ನೆರಡಕ್ಕೆ ಕುಳಿತರೆ ಕೊನೆಯ ಪಂಕ್ತಿಯು ಏಳುವ ವೇಳೆಗೆ ದೀಪ ಹಚ್ಚುವ ಹೊತ್ತಾಗುತ್ತದೆ. ಅಷ್ಟು ಹೊತ್ತೂ ಸಾರಿನ ಕೊಪ್ಪರಿಗೆಯು ಆರಿದ ಒಲೆಯ ಮೇಲೆ ಕೂತಿರುತ್ತದೆ. ಇದಕ್ಕೆ ಪರಿಹಾರವು ಕಷ್ಟವಲ್ಲ. ಒಂದೇ ದೊಡ್ಡ ಪಾತ್ರೆಯಲ್ಲಿ ಎಲ್ಲವನ್ನೂ ಬೇಯಿಸುವ ಬದಲು ಎರಡು ಮೂರು ಪಾತ್ರೆಗಳಲ್ಲಿ, ಎರಡು ಸರದಿಯಲ್ಲಿ ಬೇಯಿಸಬಹುದು. ಬಡಿಸುತ್ತಿರುವ ಪಾತ್ರೆಯ ಕೆಳಗೆ ಕೆಂಡವು ಆರದಂತೆ ನೋಡಿಕೊಳ್ಳಲು ಒಬ್ಬ ಆಳನ್ನು ನೇಮಿಸತಕ್ಕದ್ದು. ಸಾರಿನಿಂದ ಹಬೆಯು ಏಳುತ್ತಿರಬೇಕು. ಹಬೆ ನಿಂತ ಸಾರನ್ನು ಹಾಗೆಯೇ ಬಡಿಸದೆ ಮರಳಿ ಕುದಿಗೆ ತಂದು ಬಡಿಸತಕ್ಕದ್ದು. ಎಲೆಯ ಬಳಿಗೆ ಒಯ್ಯುವ ಬಕೆಟ್ಟುಗಳು ಚಿಕ್ಕವಾಗಿರಲಿ. ಬಕೆಟ್ಟಿನ ತಳದಲ್ಲಿ ಉಳಿದುದನ್ನು ಪುನಃ ಕೊಪ್ಪರಿಗೆಗೆ ಸುರಿಯುವ ಅಭ್ಯಾಸವನ್ನು ನಿಲ್ಲಿಸಬೇಕು.

ಹಸಿಯ ಮಾಂಸವನ್ನು ಕತ್ತರಿಸಿದ ಮರದ ಕೊರಡಿನ ಮೇಲೆಯೇ ಬೆಂದ ಮಾಂಸವನ್ನು ಹರಿಯುವುದು, ಹಸಿಯ ಮಾಂಸ ತೊಳೆದ ಪರಾತಿನಲ್ಲಿಯೇ ಬೆಂದುದನ್ನು ಇಡುವುದು ಇನ್ನೊಂದು ಕೆಟ್ಟ ರೂಢಿ. ಹಸಿಯ ಕೋಳಿಮಾಂಸದಲ್ಲಿ ಸಾಲ್ಮೊನೆಲ್ಲಾ ಎಂಬ ಜೀವಿಯು ಇರುವ ಸಂಭವವುಂಟು. ಅದು ಬೇಯಿಸುವುದರಿಂದ ಸತ್ತರೂ ಕೊರಡಿನಿಂದ ಪುನಃ ಬಂದು ಸೇರುತ್ತದೆ. ಎರಡು ಕೊರಡುಗಳನ್ನು ಇಟ್ಟುಕೊಳ್ಳುವುದಕ್ಕೆ ಎಷ್ಟು ಮಾತ್ರದ ವೆಚ್ಚ? ಅಡಿಗೆಯವನ ಕೈಯಲ್ಲಿ ಕುರುವಿದ್ದರೆ, ಅಥವಾ ಅವನಿಗೆ ಭೇದಿಯಾಗುತ್ತಿದ್ದರೆ, ಆ ದಿನ ಅವನಿಗೆ ಸೌದೆಯ ಕೆಲಸವನ್ನು ಕೊಡಬೇಕು, ಕೂಲಿಯನ್ನು ಕಡಿಯಕೂಡದು. ಕೂಲಿ ಹೋಗುತ್ತದೆಂಬ ಭಯದಿಂದಲೇ ಅವರು ಮರೆಮಾಚುತ್ತಾರೆ.

ಪಾತ್ರೆಗಳ ವಿಷಯವಾಗಿಯೂ ಒಂದು ಮಾತು. ಈಗ ಅಲ್ಯೂಮಿನಿಯಮ್ಮೂ ಸ್ಟೀಲೂ ಬಂದಿದ್ದರೂ ಹಳೆಯ ಮನೆತನಗಳಲ್ಲಿ ತಾಮ್ರದ ಹಂಡೆ, ಕೊಪ್ಪರಿಗೆಗಳು ಇನ್ನೂ ಉಳಿದಿವೆ. ಕಲಾಯಿ ಹೋದ ತಾಮ್ರದ ಅಥವಾ ಹಿತ್ತಾಳೆಯ ಪಾತ್ರೆಯಲ್ಲಿ ಹುಣಿಸೆಹುಳಿ, ತಕ್ಕಾಳಿ ಬಿದ್ದ ಸಾರನ್ನು ಇಟ್ಟರೆ ಲೋಹವು ಸಾರಿಗೆ ಇಳಿದು ವಾಂತಿಯಾಗುತ್ತದೆ. ಕಲಾಯಿ ಹಾಕಿಸದೆ ಅಂತಹ ಪಾತ್ರೆಗಳನ್ನು ಹೊರಗೆ ತೆಗೆಯಕೂಡದು.

ಉಳಿದ ಮಾಂಸವನ್ನು ಇಡುವುದೇ ಈ ಲೇಖನದ ತಿರುಳು. ಕೊನೆಯ ಪಂಕ್ತಿಗೆ ಬಡಿಸಿದ ಕೂಡಲೆ, ಎಲೆ ಎತ್ತುವುದಕ್ಕೂ ಮುಂಚೆ, ಉಳಿದುದನ್ನು ದೊಡ್ಡ ಪಾತ್ರೆಯಿಂದ ಹೊರಕ್ಕೆ ತೆಗೆಯಬೇಕು. ಅಗಲವಾದ ತಟ್ಟೆಗಳಲ್ಲಿ, ಪರಾತುಗಳಲ್ಲಿ, ಎರಡು ಮೂರು ಬೆರಳಿನಷ್ಟು ಆಳಕ್ಕೆ ಮಾತ್ರ ಸುರಿದು, ಆ ತಟ್ಟೆಗಳನ್ನು ತಣ್ಣೀರಿನ ತೊಟ್ಟಿಯಲ್ಲಿ ತೇಲಿಸಿ, ಆಗಾಗ್ಗೆ ಸೌಟಿನಿಂದ ಕಲಕಿದರೆ ಶಾಖವು ಬಹು ಬೇಗನೆ ಇಳಿಯುತ್ತದೆ. ಸಾರನ್ನೂ ಮಾಂಸವನ್ನೂ ಬೇರೆಬೇರೆಯಾಗಿ ಇಟ್ಟರೆ ಇನ್ನೂ ಉತ್ತಮ. ಇಡಿಯ ಟರ್ಕಿಯಾದರೆ ಎದೆಯನ್ನೂ ತೊಡೆಯನ್ನೂ ಚೂರಿಯಿಂದ ಬಿಡಿಸಿ ತೆಳುವಾಗಿ ಹೆಚ್ಚಿ ಹರಡಬೇಕು. ಇಡಿಯ ಹಕ್ಕಿಯನ್ನು ಹಾಗೆಯೇ ಫ್ರಿಜ್ಜಿನಲ್ಲಿ ತುರುಕಿದರೆ ಹೊರಗೆ ತಣ್ಣಗಾದರೂ ಒಳಗೆ ಬಹಳ ಹೊತ್ತು ಬೆಚ್ಚಗೆ ಉಳಿಯುತ್ತದೆ. ಮೊದಲ ಎರಡು ಗಂಟೆಗಳಲ್ಲಿ 60ರಿಂದ 21 ಡಿಗ್ರಿಗೂ, ಮುಂದಿನ ನಾಲ್ಕು ಗಂಟೆಗಳಲ್ಲಿ 5 ಡಿಗ್ರಿಗೂ ಇಳಿಯಬೇಕೆಂಬುದು ದೊಡ್ಡ ಅಡಿಗೆಮನೆಗಳವರು ಅನುಸರಿಸುವ ಪ್ರಮಾಣ. ನಮ್ಮ ತೊಟ್ಟಿಯ ನೀರು ಅಷ್ಟು ತಣ್ಣಗಿರುವುದಿಲ್ಲ. ಆದುದರಿಂದ ಅದರಲ್ಲಿ ಒಂದಿಷ್ಟು ಮಂಜುಗಡ್ಡೆಯನ್ನು ತಂದು ಹಾಕುವುದು ಲೇಸು. ಯುಗಾದಿಯ ಬಿಸಿಲಿನಲ್ಲಿ ಪಾನಕಕ್ಕೆ ಮಂಜುಗಡ್ಡೆ ತರಿಸುವವರು ಮಾಂಸಕ್ಕೂ ಎರಡು ಗಡ್ಡೆಗಳನ್ನು ತರಿಸಬಹುದು.

ಬಿಸಿಯಾದುದನ್ನು ಇಟ್ಟರೆ ಫ್ರಿಜ್ಜು ಕೆಡುತ್ತದೆಂದು ರಾತ್ರಿಯೆಲ್ಲ ಹೊರಗೆ ಬಿಡುವವರು ಬಹಳ ಮಂದಿ. ಕುದಿಯುವ ತಪ್ಪಲೆಯನ್ನೇ ಇಡಕೂಡದೆಂಬುದು ನಿಜ. ಹಬೆ ಆರಿ ಕೈಗೆ ತಾಳುವಷ್ಟು ಬೆಚ್ಚಗಿರುವ ಚಿಕ್ಕ ಪಾತ್ರೆಗಳನ್ನು ಇಡಲು ಅಡ್ಡಿಯಿಲ್ಲ. ಅವುಗಳನ್ನು ಒಂದರ ಮೇಲೊಂದು ಒತ್ತದೆ, ಗಾಳಿಯಾಡುವಂತೆ ಇಡಬೇಕು. ಹಸಿಯ ಮಾಂಸವನ್ನು ಕೆಳಗಿನ ಅಂತಸ್ತಿನಲ್ಲಿಯೂ ಬೆಂದುದನ್ನು ಮೇಲೆಯೂ ಇಡತಕ್ಕದ್ದು. ಹೀಗಿಟ್ಟ ಬೆಂದ ಟರ್ಕಿಯನ್ನು ಮೂರು, ಹೆಚ್ಚೆಂದರೆ ನಾಲ್ಕು ದಿನಗಳೊಳಗೆ ಮುಗಿಸಬೇಕು. ಮಂಜಿನ ಖಾನೆಯಲ್ಲಿ ಗಟ್ಟಿಯಾಗಿಸಿ ಇಟ್ಟರೆ ಕೆಲವು ತಿಂಗಳು ಇರುತ್ತದೆ. ಅದನ್ನು ಕರಗಿಸುವುದನ್ನೂ ಫ್ರಿಜ್ಜಿನ ಕೆಳ ಅಂತಸ್ತಿನಲ್ಲಿಯೇ ಮಾಡಬೇಕೇ ಹೊರತು ಜಗುಲಿಯ ಮೇಲಲ್ಲ. ಬೆಂಗಳೂರಿನ ಅಂಗಡಿಗಳಿಂದ ಗಟ್ಟಿಯಾದ ಹಸಿಯ ಟರ್ಕಿಯನ್ನು ತರುವವರಿಗೂ ಇದೇ ಮಾತು. ಎರಡು ಕಿಲೋಗ್ರಾಮ್ ತೂಕಕ್ಕೆ ಒಂದು ದಿನದಂತೆ ಮುಂಚಿತವಾಗಿ ಇಳಿಸಿಡಬೇಕು.

ವಿದ್ಯುಚ್ಛಕ್ತಿಯು ನಿಂತಾಗ ಏನು ಗತಿ ಎಂದು ಕೇಳಬಹುದು. ಬಾಗಿಲನ್ನು ತೆರೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆಗಳ ಕಾಲ ತಣ್ಣಗಿರುತ್ತದೆ. ತುಂಬಿದ ಮಂಜಿನ ಪೆಟ್ಟಿಗೆಯು ಎರಡು ದಿನ, ಅರ್ಧ ತುಂಬಿದುದು ಒಂದು ದಿನ ತಾಳುತ್ತದೆ. ಮಳೆಗಾಳಿಗೆ ಕಂಬ ಬಿದ್ದು ರಾತ್ರಿಯಿಡೀ ದೀಪವಿಲ್ಲದಿದ್ದರೆ ಫ್ರಿಜ್ಜಿನಲ್ಲಿದ್ದ ಮಾಂಸದ ಆಸೆಯನ್ನು ಬಿಡತಕ್ಕದ್ದೇ.

ಫ್ರಿಜ್ಜೇ ಇಲ್ಲದ ಮನೆಗಳಿಗೆ ಈ ಲೇಖಕನು ಸುತ್ತುಬಳಸಿ ಹೇಳುವುದಿಲ್ಲ. ಬೆಂದ ಮಾಂಸವನ್ನು ರಾತ್ರಿ ಕಳೆಯಲು ಇಡಕೂಡದು. ನೆಲುವಿನ ಮೇಲೆ ತೂಗಿಸುವುದು ಬೆಕ್ಕಿನಿಂದ ಕಾಪಾಡುತ್ತದೆ, ಇರುವೆಯಿಂದ ಕಾಪಾಡುತ್ತದೆ, ಕ್ರಿಮಿಯಿಂದ ಕಾಪಾಡಲಾರದು. ಒದ್ದೆ ಬಟ್ಟೆ ಸುತ್ತಿದ ಮಡಕೆಯೂ ನೀರನ್ನು ತಂಪುಮಾಡುವಷ್ಟು ಮಾತ್ರ ತಂಪು. ಉಳಿಯುವುದೆಂದು ತಿಳಿದಾಗ ಆ ಸಂಜೆಯೇ, ಬಿಸಿಯಾಗಿರುವಾಗಲೇ, ಹಂಚಿಬಿಡುವುದು ಮೇಲು. ಅಥವಾ ಮೊದಲೇ ಅಳತೆಯರಿತು ಕೊಯ್ಯಬೇಕು. ಗುಡ್ಡೆಮಾಂಸವನ್ನು ಹಂಚುವಾಗ ತೂಕದಲ್ಲಿ ತೋರುವ ನಿಷ್ಕರ್ಷೆಯನ್ನು ಔತಣದ ಅಡಿಗೆಯ ಅಳತೆಯಲ್ಲಿಯೂ ತೋರಬಾರದೇಕೆ? ಉಳಿದುದನ್ನು ಮಾರನೆಯ ಬೆಳಿಗ್ಗೆ ಕೂಲಿಯಾಳುಗಳಿಗೆ ಕೊಡುವ ವಾಡಿಕೆಯು ಕೆಲವು ಹೊಲಮನೆಗಳಲ್ಲಿದೆ. ಕೊಡುವ ಮನಸ್ಸು ಒಳ್ಳೆಯದೇ. ತಾವು ತಿನ್ನಲು ಹಿಂಜರಿಯುವುದನ್ನು ದುಡಿಯುವವನ ಮಕ್ಕಳಿಗೆ ಕೊಡುವುದು ಮಾತ್ರ ತರವಲ್ಲ.

ನೆಂಟರಿಗೆ ಡಬ್ಬಿಯಲ್ಲಿ ತುಂಬಿ ಕಳುಹಿಸುವುದೂ ನಮ್ಮ ಮರ್ಯಾದೆಯ ಭಾಗವಾಗಿದೆ. ದೊಡ್ಡಬಳ್ಳಾಪುರದಿಂದ ಹೊರಟ ಬಸ್ಸು ಬೆಂಗಳೂರನ್ನು ಸೇರಿ, ಅಲ್ಲಿಂದ ಮನೆ ತಲುಪುವ ವೇಳೆಗೆ ಎರಡು ಗಂಟೆಯು ಸುಲಭವಾಗಿ ಮುಗಿಯುತ್ತದೆ. ಹೊಸಕೋಟೆಯ ಬೆಳಗಿನ ಜಾವದ ಬಿರಿಯಾನಿಯನ್ನು ಎಲ್ಲರೂ ಬಲ್ಲರು. ಕೆಂಡದ ಮೇಲೆ ದಮ್ಮಿನಲ್ಲಿರುವ ಹಂಡೆಯಿಂದ ತೆಗೆದು ಆಗಲೇ ತಿಂದರೆ ಅದರಲ್ಲಿ ದೋಷವಿಲ್ಲ. ಅದನ್ನೇ ಪೊಟ್ಟಣ ಕಟ್ಟಿಸಿಕೊಂಡು ಹೋಗಿ, ಕಾರಿನ ಬಿಸಿಯಲ್ಲಿಟ್ಟು, ಮಧ್ಯಾಹ್ನ ಎರಡಕ್ಕೆ ತಿನ್ನುವುದು ಬೇರೆ ಸಂಗತಿ. ಅಲ್ಲಿ ಮಾಂಸವೂ ಇದೆ, ಅನ್ನವೂ ಇದೆ. ಕಳುಹಿಸಲೇಬೇಕಾದರೆ ಕುದಿಯುವುದನ್ನೇ ಶಾಖ ಉಳಿಸುವ ಡಬ್ಬಿಯಲ್ಲಿ ತುಂಬಬೇಕು, ಇಲ್ಲವೇ ಪೂರ್ಣವಾಗಿ ತಣಿಸಿ ಮಂಜುಗಡ್ಡೆಯೊಡನೆ ಕಳುಹಿಸಬೇಕು.

ಮರಳಿ ಕಾಯಿಸುವಾಗ ಆ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಹೊರಗೆ ತೆಗೆಯಬೇಕು. ಸಾರನ್ನು ಅಂಚಿನಲ್ಲಿ ಗುಳ್ಳೆ ಬಂದೊಡನೆ ಇಳಿಸದೆ, ತಳದಿಂದ ಕಲಕುತ್ತ, ನಡುವೆಯೂ ತಳಮಳ ಕುದಿಯುವಂತೆ ಮಾಡಬೇಕು. ಒಣ ಮಾಂಸಕ್ಕೆ ಸ್ವಲ್ಪ ಎಸರನ್ನೋ ನೀರನ್ನೋ ಚಿಮುಕಿಸಿ ಮುಚ್ಚಿ ಕಾಯಿಸಿದರೆ ಒಳಗೂ ಬಿಸಿಯಾಗುತ್ತದೆ, ನಾರಾಗುವುದಿಲ್ಲ. ಉಷ್ಣಮಾಪಕವಿದ್ದರೆ ಇಲ್ಲಿಯೂ 74 ಡಿಗ್ರಿಯೇ ಗುರಿ. ನಮ್ಮ ಸೀಮೆಯು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಈ ಕೆಲಸಕ್ಕೆ ಅಷ್ಟು ಸಾಕು. ಮೈಕ್ರೋವೇವ್ ಒಲೆಯಲ್ಲಿ ಕಾಯಿಸುವವರು ನಡುವೆ ನಿಲ್ಲಿಸಿ ತಿರುವಿಹಾಕಬೇಕು, ಅದರ ಶಾಖವು ಒಂದೇ ಸಮನಾಗಿ ಹರಡುವುದಿಲ್ಲ. ಒಮ್ಮೆ ಕಾಯಿಸಿದುದನ್ನು ಪುನಃ ಇಟ್ಟು ಮೂರನೆಯ ಸಲ ಕಾಯಿಸಕೂಡದು. ನಿನ್ನೆಯ ಸಾರಿಗೆ ಇಂದಿನ ಸಾರನ್ನು ಬೆರೆಸಿ ಹೆಚ್ಚಿಸುವುದಂತೂ ಬೇಡವೇ ಬೇಡ.

ಹೊಗೆಯಲ್ಲಿ ಬೇಯಿಸಿದ ಟರ್ಕಿಯ ವಿಚಾರದಲ್ಲಿ ಬೇರೊಂದು ಭ್ರಮೆಯುಂಟು. ದೇವನಹಳ್ಳಿಯ ಕಡೆ 2008ರಲ್ಲಿ ವಿಮಾನ ನಿಲ್ದಾಣವಾದಂದಿನಿಂದ ಹೋಟೆಲುಗಳೂ ತೋಟದ ಮನೆಗಳೂ ಹೆಚ್ಚಿ, ಕ್ರಿಸ್ಮಸ್ ಕಾಲದಲ್ಲಿ ಇಂತಹ ಅಡಿಗೆಯನ್ನು ಕೇಳುವವರಿದ್ದಾರೆ. ಹೊಗೆ ಹಾಕಿದ ಮಾಂಸವು ಕೆಡುವುದಿಲ್ಲವೆಂದು ನಮ್ಮವರು ತಿಳಿಯುವುದಕ್ಕೆ ಕಾರಣ ಹಿಂದಿನವರ ಉಪ್ಪುಕಂಡ. ಉಪ್ಪು ಅರಿಶಿನ ಸವರಿ, ಬಿಸಿಲಿನಲ್ಲಿ ಕಟ್ಟಿಗೆಯಂತೆ ಒಣಗಿಸಿ, ಒಲೆಯ ಮೇಲೆ ತೂಗಿಹಾಕಿದ ಆ ಮಾಂಸವು ಉಳಿಯುತ್ತಿದ್ದುದು ಹೊಗೆಯಿಂದಲ್ಲ. ನೀರಿನಂಶವು ಹೋದುದರಿಂದಲೂ ಉಪ್ಪಿನಿಂದಲೂ. ಈಗಿನ ಹೊಗೆಯ ಟರ್ಕಿಯಾದರೋ ರಸಭರಿತವಾದುದು, ಉಪ್ಪು ರುಚಿಗೆ ತಕ್ಕಷ್ಟೆ. ಅದನ್ನು ಬೆಂದ ಮಾಂಸವೆಂದೇ ಎಣಿಸಿ, ಅದೇ ಎರಡು ಗಂಟೆ, ಅದೇ ಮೂರು ನಾಲ್ಕು ದಿನಗಳ ನಿಯಮಕ್ಕೆ ಒಳಪಡಿಸತಕ್ಕದ್ದು. ಹೊಗೆಯ ಗೂಡಿನ ಶಾಖವು 107ರಿಂದ 149 ಡಿಗ್ರಿಯೊಳಗೆ ಇರಬೇಕು. ಅದಕ್ಕೂ ಕಡಿಮೆಯಾದರೆ ಮಾಂಸವು ಬೇಯುವ ಮೊದಲೇ ಕ್ರಿಮಿಗೆ ಹಿತವಾದ ಬಿಸಿಯಲ್ಲಿ ಬಹಳ ಹೊತ್ತು ಕಳೆಯುತ್ತದೆ. ಹೊಗೆಯ ಪ್ರಭಾವದಿಂದ ಬೆಂದ ಮಾಂಸವೂ ನಸುಗೆಂಪಾಗಿ ಕಾಣುವುದುಂಟು. ಬಣ್ಣವನ್ನು ನಂಬದೆ ಉಷ್ಣಮಾಪಕವನ್ನು ನಂಬಬೇಕು.

ಇಷ್ಟಾದರೂ ಊರಿನಲ್ಲಿ ಹಲವರು ಒಟ್ಟಿಗೆ ಕಾಯಿಲೆ ಬಿದ್ದರೆ, ಊಟವಾಗಿ ಎಷ್ಟು ಗಂಟೆಯಾಗಿತ್ತೆಂಬುದನ್ನು ಮೊದಲು ವಿಚಾರಿಸಿರಿ. ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿಯಾದರೆ ಕೈಯಿಂದ ಬಂದ ವಿಷದ ಮೇಲೆ ಸಂಶಯ. ಆರರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಹೊಟ್ಟೆ ಹಿಂಡಿ ಭೇದಿಯಾದರೆ ಕೊಪ್ಪರಿಗೆಯ ಮೇಲೆ ಸಂಶಯ. ಜ್ವರವೂ ಕೂಡಿದ್ದರೆ ಸಾಲ್ಮೊನೆಲ್ಲಾ ಇರಬಹುದು. ಗಟ್ಟಿಮುಟ್ಟಾದವರು ಬೇಗನೆ ಚೇತರಿಸಿಕೊಳ್ಳಬಹುದು. ಹಸುಮಕ್ಕಳು, ವೃದ್ಧರು, ಬಸುರಿಯರು ನೀರು ಬತ್ತಿ ಪ್ರಾಣಕ್ಕೆ ಎರವಾಗುವ ಸಂಭವವುಂಟು. ಒಂದು ಲೀಟರ್ ಶುದ್ಧವಾದ ನೀರಿಗೆ ಆರು ಸಮ ಚಹಾ ಚಮಚೆ ಸಕ್ಕರೆ, ಅರ್ಧ ಚಹಾ ಚಮಚೆ ಉಪ್ಪು ಬೆರೆಸಿ ಗುಟುಕುಗುಟುಕಾಗಿ ಕುಡಿಸುತ್ತಿರಬೇಕು. ಭೇದಿಯಲ್ಲಿ ರಕ್ತ ಕಂಡರೆ, ಮೂತ್ರ ನಿಂತರೆ, ಮಗು ಮಂಕಾದರೆ ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸತಕ್ಕದ್ದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಊರಿನ ಆಶಾ ಕಾರ್ಯಕರ್ತೆಗೂ ಒಡನೆ ತಿಳಿಸಬೇಕು. ಮರ್ಯಾದೆಗೆ ಅಂಜಿ ಉಳಿದ ಸಾರನ್ನು ಚರಂಡಿಗೆ ಚೆಲ್ಲಿ ಪಾತ್ರೆ ಬೆಳಗಿಬಿಟ್ಟರೆ ವೈದ್ಯರಿಗೆ ಕಾರಣವು ತಿಳಿಯುವುದಿಲ್ಲ. ಒಂದು ಬಟ್ಟಲಿನಷ್ಟನ್ನು ಶುದ್ಧವಾದ ಡಬ್ಬಿಯಲ್ಲಿ ಮುಚ್ಚಿ, ಯಾರೂ ತಿನ್ನದಂತೆ ಗುರುತು ಹಾಕಿ, ತಣ್ಣಗೆ ಇಟ್ಟು ಅವರಿಗೆ ಒಪ್ಪಿಸಬೇಕು.